ಅಮ್ಮನ ಎಡಗಾಲು ಮತ್ತು ಎಣ್ಣೆ ಕ್ಲಚ್

ಮಾಗಡಿ ರಸ್ತೆಯ ತಿರುವಿನಲ್ಲಿ ಅಮ್ಮ ಕ್ಲಚ್ ಒತ್ತಿದಳು. ಪೆಡಲ್ ನೆಲದವರೆಗೂ ಹೋಗಿ ಅಲ್ಲೇ ಉಳಿಯಿತು. ಗೇರ್ ಕರಕರ ಎಂದು ಕಿರುಚಿತು, ಕಾರು ನಿಂತಿತು.

ಪಕ್ಕದಲ್ಲಿ ಕೂತಿದ್ದ ಅಪ್ಪ ಕೆಳಗಿಳಿದರು. ಸುತ್ತಿ ಬಂದು ಅಮ್ಮನ ಕಡೆಯ ಬಾಗಿಲು ತೆಗೆದರು, ಅಷ್ಟೇ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಅಪ್ಪ ಅವನ ಹಳೇ ಕಾರು ಕೊಂಡಿದ್ದರು. ಆ ಸೈಟುಗಳ ನಡುವೆಯೇ ಅಮ್ಮ ಡ್ರೈವಿಂಗ್ ಕಲಿತಳು.

ಅವಳಿಗಿದ್ದದ್ದು ಒಂದೇ ಆಸೆ. ದೀಪಾವಳಿಗೆ ಕೆಂಗೇರಿಯ ತವರಿನ ಬಾಗಿಲಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ ಇಳಿಯಬೇಕು…

ನಮ್ಮದು ಎಣ್ಣೆಯ ಕ್ಲಚ್. ಪೆಡಲ್ ಒತ್ತಿದರೆ ಕೊಳವೆಯೊಳಗಿನ ಎಣ್ಣೆ ಮುಂದಕ್ಕೆ ನುಗ್ಗಿ ಕ್ಲಚ್ ಬಿಡಿಸಬೇಕು. ಎಣ್ಣೆಯೊಳಗೆ ಗಾಳಿ ಸೇರಿತೋ, ಪೆಡಲ್ ಮೆತ್ತಗಾಗುತ್ತದೆ.

ಆಯುಧಪೂಜೆ ಕಳೆದ ಮೇಲೆ ಈ ಕಾಟ ಶುರುವಾಯಿತು. ಅದೂ ಅಮ್ಮನಿಗೆ ಮಾತ್ರ. ಭಾನುವಾರ ಬೆಳಿಗ್ಗೆ ಅಪ್ಪ ಬಾನೆಟ್ ಎತ್ತಿ, ಕ್ಲಚ್ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿ ಹೊರಟರೆ ಕಾರು ಹೇಳಿದ ಮಾತು ಕೇಳುತ್ತಿತ್ತು. ಸಂಜೆ ಅಮ್ಮ ಕೂತರೆ ಕೈಕೊಡುತ್ತಿತ್ತು.

ಮೆಕ್ಯಾನಿಕ್ ಬಂದ. ಅವನೂ ಮುಚ್ಚಳ ತೆಗೆದ, ಗಾಳಿ ಹೊರಹಾಕಿದ, ಒಂದು ರಬ್ಬರ್ ವಾಷರ್ ಬದಲಿಸಿದ. ಪೆಡಲ್ ಕಲ್ಲಿನಂತಾಯಿತು. ಮುಂದಿನ ಭಾನುವಾರ ಸಂಜೆ ಮತ್ತೆ ಅದೇ ಕಥೆ.

ಕೊನೆಗೆ ಮೆಕ್ಯಾನಿಕ್ ಅಕ್ಕಪಕ್ಕದವರೆಲ್ಲ ಕೇಳುವಂತೆ ತೀರ್ಪು ಕೊಟ್ಟ. "ಅಮ್ಮಾವ್ರು ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತಾರೆ ಸ್ವಾಮಿ. ಹೊಲಿಗೆ ಮಿಷಿನ್ ಅಂದ್ಕೊಂಡ್ಬಿಟ್ಟಿದಾರೆ."

ಎಲ್ಲರೂ ನಕ್ಕರು. ಅಪ್ಪನೂ.

ಆ ನಗು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಇವತ್ತಿಗೂ ಸಿಗ್ನಲ್‌ನಲ್ಲಿ ಕಾರೊಂದು ಕೆಟ್ಟು ನಿಂತರೆ, ಹಿಂದಿನವರು ಮೊದಲು ಇಣುಕಿ ನೋಡುವುದು ಓಡಿಸುತ್ತಿರುವವರು ಹೆಂಗಸೇ ಎಂದು.

ಅದೇ ವಾರ ಒಂದು ಮಧ್ಯಾಹ್ನ. ಅಪ್ಪ ಬಸ್ಸಿನಲ್ಲಿ ಆಫೀಸಿಗೆ ಹೋಗಿದ್ದರು. ಅಮ್ಮ ಸೀಮೆಎಣ್ಣೆಯ ಹೊಸ ಡಬ್ಬಕ್ಕೆ ಒಂದು ತೂತು ಹೊಡೆದು ಸ್ಟೌಗೆ ಬಗ್ಗಿಸಿದಳು. ಎಣ್ಣೆ ಗುಳುಗುಳು ಎಂದು ತಡೆತಡೆದು ಬಿತ್ತು. ಎಂದಿನಂತೆ ಗಾಳಿಗೆಂದು ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದಳು, ಎಣ್ಣೆ ತಡೆಯಿಲ್ಲದೆ ಇಳಿಯಿತು…

ಹಾಗೇ ನಿಂತುಬಿಟ್ಟಳು.

ಮರುಕ್ಷಣ ಕಾರಿನತ್ತ ನಡೆದವಳ ಹಿಂದೆ ನಾನು ಓಡುತ್ತೇನೆ. ಅಮ್ಮ ಬಾನೆಟ್ ಎತ್ತಿ ಕ್ಲಚ್ ಎಣ್ಣೆಯ ಮುಚ್ಚಳ ತಿರುಗಿಸುತ್ತಾಳೆ. ಡಬ್ಬಿ ಉಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು. ಮುಚ್ಚಳದ ನೆತ್ತಿಯ ಮೇಲೆ ಗಂಧ, ಕುಂಕುಮ ಒಣಗಿ ಗಟ್ಟಿಯಾಗಿದೆ.

ಆಯುಧಪೂಜೆಯ ದಿನ ಅಪ್ಪ ಭಕ್ತಿಯಿಂದ ಇಂಜಿನ್ನಿನ ಒಂದೊಂದು ಭಾಗಕ್ಕೂ ಇಟ್ಟ ಬೊಟ್ಟು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅಮ್ಮ ಅದನ್ನು ಕೆರೆದಳು. ಅಡಿಯಲ್ಲಿ ಸಾಸಿವೆಯಷ್ಟು ತೂತು. ಅದು ಮುಚ್ಚಿಹೋಗಿದ್ದರಿಂದ ಮೇಲಿನಿಂದ ಗಾಳಿಗೆ ದಾರಿಯಿರಲಿಲ್ಲ. ಎಣ್ಣೆ ಇಳಿಯುತ್ತಿರಲಿಲ್ಲ, ಕೆಳಗಿನ ರಬ್ಬರಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಬೆಳಿಗ್ಗೆ ಅಪ್ಪ ಮುಚ್ಚಳ ತೆಗೆಯುತ್ತಿದ್ದರಲ್ಲ, ಆಗ ಮೇಲಿನಿಂದ ಗಾಳಿ ಹೋಗಿ ಅವರ ಸರದಿ ಮುಗಿಯುವವರೆಗೂ ಎಲ್ಲವೂ ಸರಿ; ಸಂಜೆ ಅಮ್ಮ ಕೂರುವಷ್ಟರಲ್ಲಿ ಡಬ್ಬಿಗೆ ಮತ್ತೆ ಉಸಿರು ಕಟ್ಟುತ್ತಿತ್ತು.

ಅಮ್ಮ ಪೆಡಲನ್ನು ಒತ್ತಿ ಒತ್ತಿ ಗಟ್ಟಿ ಮಾಡಿದಳು. ಆ ಇಡೀ ಮಧ್ಯಾಹ್ನ ಖಾಲಿ ಸೈಟುಗಳ ಸುತ್ತ ಕಾರು ಓಡಿಸಿದಳು, ನಾನು ಪಕ್ಕದಲ್ಲಿ. ಗೇರ್ ಒಮ್ಮೆಯೂ ಕಿರುಚಲಿಲ್ಲ. ಓಡಿಸುತ್ತ ಅವಳು ಹಾಡಿಕೊಂಡಳು; ಹಾಗೆ ಹಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಸಂಜೆ ಅಪ್ಪ ಮುಚ್ಚಳ ನೋಡಿ ನಕ್ಕರು. "ಅಂತೂ ನನ್ನ ಕುಂಕುಮದ್ದೇ ತಪ್ಪು ಅಂತೀಯ."

"ತಪ್ಪು ಯಾರದಾದ್ರೂ ಆಗ್ಲಿ ಬಿಡಿ. ದೀಪಾವಳಿಗೆ ನಾನೇ ಓಡಿಸ್ಲಾ?"

"ಈಗ ಬೇಡ ಕಣೇ. ಬೀದಿಯವರೆಲ್ಲ ಕೇಳಿಸ್ಕೊಂಡಿದಾರೆ. ಮತ್ತೆ ಎಲ್ಲಾದ್ರೂ ನಿಂತ್ರೆ ನಗ್ತಾರೆ."

ದೀಪಾವಳಿಗೆ ಅಪ್ಪನೇ ಓಡಿಸಿದರು. ಮೈಸೂರು ರಸ್ತೆಯ ಎರಡೂ ಬದಿ ಮರಗಳ ನೆರಳು. ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ನಾನು ನೋಡುತ್ತಿದ್ದೆ… ಅಪ್ಪ ಗೇರ್ ಬದಲಿಸಿದಾಗಲೆಲ್ಲ, ರೇಷ್ಮೆ ಸೀರೆಯ ಅಂಚಿನ ಕೆಳಗೆ ಅಮ್ಮನ ಎಡಗಾಲು ಬರಿಯ ನೆಲವನ್ನು ಒತ್ತಿ, ಮೆಲ್ಲಗೆ ಬಿಡುತ್ತಿತ್ತು.

ಆ ಸೀಟು ಅವಳಿಗೆ ಮತ್ತೆ ಸಿಗಲಿಲ್ಲ. ಬೇಸಿಗೆಗೆ ಮೊದಲೇ ಕಾರು ಮಾರಿಹೋಯಿತು.

ಈಗ ಕೆಂಗೇರಿಗೆ ಮೆಟ್ರೋದಲ್ಲಿ ಹೋಗುತ್ತೇನೆ. ಕೆಳಗೆ ಅದೇ ರಸ್ತೆ, ಮರಗಳಿಲ್ಲ. ನಿಲ್ದಾಣ ಬಂದಾಗಲೆಲ್ಲ ನನ್ನ ಎಡಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ.

ಕ್ಲಚ್ಚಿನ ದೋಷ ಸಿಕ್ಕ ಮೇಲೂ ಅಮ್ಮನಿಗೆ ಆ ಸೀಟು ಏಕೆ ವಾಪಸ್ ಸಿಗಲಿಲ್ಲ, ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ?