ಅರಿಶಿಣದ ಎಳೆ

ಸೀರೆಯ ಅಂಚು ನೋಡಿ ಇದು ನೀಲಕಂಠನ ಕೈ ಎಂದು ಗುರುತು ಹಿಡಿಯುವವರು ಬನಹಟ್ಟಿಯಲ್ಲಿ ಈಗ ಬಹಳ ಮಂದಿ ಉಳಿದಿಲ್ಲ. ಉಳಿದವರಲ್ಲಿ ನಾನೊಬ್ಬ. ಶಿವಯೋಗೆಪ್ಪ ಅಂತ ನನ್ನ ಹೆಸರು, ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನನ್ನ ಮಗ್ಗದ ಸಪ್ಪಳಕ್ಕೆ ಅವನು ನನ್ನನ್ನು ಬೈದಿದ್ದಾನೆ, ಅವನ ಹಟಕ್ಕೆ ನಾನು ಅವನನ್ನು ಬೈದಿದ್ದೇನೆ. ಹಾಗಾಗಿ ಬೆಣ್ಣೆ ಹಚ್ಚಿ ಮಾತಾಡುವ ಸಂಬಂಧ ನಮ್ಮದಲ್ಲ.

ನೀಲಕಂಠ ನೇಯುವವನಲ್ಲ, ನೇಯುವವರಿಗೆ ಡಿಸೈನ್ ಬರೆದುಕೊಡುವವನು. ಸೆರಗಿನ ನವಿಲು ಎಲ್ಲಿ ಕತ್ತು ತಿರುಗಿಸಬೇಕು, ಅಂಚಿನ ಬಳ್ಳಿ ಎಲ್ಲಿ ಬಾಗಬೇಕು, ಅದಕ್ಕೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು, ಎಲ್ಲ ಅವನ ಲೆಕ್ಕ. ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದ. ಕಂಪ್ಯೂಟರ್ ತಂದ ಮೇಲೆ ಆ ಹಾಳೆಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಇಳಿಸಿದ. ಇಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಈ ಮಹಾರಾಯ ಹಾಳೆಗಳನ್ನು ನೀರೊಲೆಗೆ ಹಾಕಿದ. ಇಟ್ಟುಕೋ ಮಾರಾಯಾ, ಅನ್ನ ಕೇಳುತ್ತವೇನು ಎಂದು ನಾನು ಬಡಕೊಂಡೆ. ಕೇಳಲಿಲ್ಲ.

ಆ ಡಿಸೈನ್ ಪ್ರೋಗ್ರಾಂ ಮಾರಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಅದು ನೀಲಕಂಠನ ಕಂಪ್ಯೂಟರ್ ಡಬ್ಬಿಯೊಳಗಿನ ಬೋರ್ಡನ್ನು ಮಾತ್ರ ಗುರುತಿಸುತ್ತಿತ್ತು, ಬೇರೆ ಕಂಪ್ಯೂಟರಿನಲ್ಲಿ ಹಾಕಿದರೆ ತೆರೆಯುತ್ತಲೇ ಇರಲಿಲ್ಲ. ಆ ಡಬ್ಬಿ ಇರುವ ತನಕ ನೀಲಕಂಠನ ಕಸುಬು. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವನ ಹೆಂಡತಿ ಗುರುಬಾಯಿಯದು ಎಳೆ ಜೋಡಿಸುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ಅಂದರೆ ಹಾಸು, ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಗಂಟು ಹಾಕಬೇಕು. ಆಕೆ ಹಾಕಿದ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ. ಬಿಚ್ಚಲು ಹೋದವರು ಕಡೆಗೆ ಕತ್ತರಿಯನ್ನೇ ಹುಡುಕಬೇಕು. ಓಣಿಯಲ್ಲಿ ಯಾರ ಮಗ್ಗಕ್ಕೆ ಹಾಸು ಏರಲಿ, ಗುರುಬಾಯಿಗೇ ಕರೆ.

ಹೋದ ವರ್ಷ ಬಟ್ಟೆ ವ್ಯಾಪಾರಿ ಶಶಿಕಾಂತ ನೀಲಕಂಠನನ್ನು ಕರೆದು ಕೊನೆಯ ಮಾತು ಹೇಳಿದ. ಸೂರತ್ತಿನಿಂದ ಮೊಬೈಲಿಗೇ ಡಿಸೈನ್ ಬರುತ್ತವೆ, ಆದರೂ ನಿನ್ನದೊಂದು ಹೊಸ ಅಂಚು ಹಾಕಿ ನೋಡುತ್ತೇನೆ. ಮಂದಿ ಒಪ್ಪಿದರೆ ನೀನೇ ನನ್ನ ಡಿಸೈನ್‌ಗಾರ, ಇಲ್ಲದಿದ್ದರೆ ಇಲ್ಲಿಗೆ ಸಾಕು. ಆ ಅಂಚು ನನ್ನ ಮಗ್ಗದ ಮೇಲೇ ನೇಯಬೇಕಿತ್ತು. ಹಾಸು ಏರಿಸಿ, ಬಿಗಿದು ಕೂತಿದ್ದೆ. ನೀಲಕಂಠ ಡಿಸೈನ್ ಮುಗಿಸಿದ್ದ. ಪೆನ್‌ಡ್ರೈವಿಗೆ ಹಾಕಿಕೊಡುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಪರದೆ ಕಪ್ಪಾಯಿತು.

ಜಮಖಂಡಿಯ ಕಂಪ್ಯೂಟರ್ ಅಂಗಡಿಯ ನವೀನನಿಗೆ ಫೋನು ಹೋಯಿತು. ಅವನು ನೆಂಟರ ಮದುವೆಗೆಂದು ಲೋಕಾಪುರದಲ್ಲಿದ್ದ. ಡಬ್ಬಿ ಬೀಪ್ ಬೀಪ್ ಎಂದು ಕೂಗುವ ಸಪ್ಪಳವನ್ನು ಫೋನಿನಲ್ಲೇ ಕೇಳಿಸಿಕೊಂಡು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ, ಅದನ್ನು ತೆಗೆದು ವೈರನ್ನು ಬೋರ್ಡಿಗೇ ಸಿಕ್ಕಿಸಿದರೆ ಪರದೆ ಬರುತ್ತದೆ ಎಂದ. ನಮಗೆ ಹೋದ ಜೀವ ಬಂದಂತಾಯಿತು. ಪ್ಲಗ್ ಕೀಳಿರಿ, ಡಬ್ಬಿಯ ಕಬ್ಬಿಣ ಮುಟ್ಟಿ ಆಮೇಲೆ ಕೈ ಹಾಕಿರಿ, ಸ್ಕ್ರೂ ತೆಗೆಯಿರಿ, ಕಾರ್ಡಿನ ತುದಿಗೆ ಸಣ್ಣ ಕೊಂಡಿ ಇರುತ್ತದೆ, ಅದನ್ನು ಕೆಳಗೆ ಒತ್ತಿ ಕಾರ್ಡನ್ನು ನೆಟ್ಟಗೆ ಮೇಲೆತ್ತಿರಿ ಎಂದೆಲ್ಲ ಸಾವಧಾನವಾಗಿ ಹೇಳಿದ.

ಮುಚ್ಚಳ ತೆಗೆದರೆ ಒಳಗೆಲ್ಲ ಹತ್ತಿಯ ಧೂಳು. ಬನಹಟ್ಟಿಯಲ್ಲಿ ಯಾವ ಡಬ್ಬಿ ಬಿಚ್ಚಿದರೂ ಇದೇ ಕತೆ, ಬೂದುಬಣ್ಣದ ಕಂಬಳಿ ಹೊದ್ದಂತೆ ಇರುತ್ತದೆ. ನಾನು ಬ್ಯಾಟರಿ ಹಿಡಿದೆ. ಸ್ಕ್ರೂ ಬಂತು. ಕೊಂಡಿ ಮಾತ್ರ ಕಾರ್ಡಿನ ಪಂಖದ ಕೆಳಗೆ ಅವಿತಿತ್ತು, ಬೆರಳು ಹೋಗುವ ಜಾಗವಲ್ಲ. ನೀಲಕಂಠ ಮಗ್ಗದ ಹಳೆಯ ಹಣಿಗೆಯಿಂದ ಒಂದು ತೆಳು ಕಡ್ಡಿ ಕಿತ್ತು ತಂದು ಅದರಿಂದ ಒತ್ತಿದ. ಕೊಂಡಿ ಅಲುಗಲಿಲ್ಲ. ಇನ್ನಷ್ಟು ಒತ್ತಿದ. ಕಡ್ಡಿ ಬಾಗಿತು.

ಮತ್ತೆ ಫೋನು ಮಾಡಿದೆವು. ನವೀನ ಕೂಡಲೇ ತಡೆದ.

"ಬರಲಿಲ್ಲಂದ್ರ ಎಳೀಬ್ಯಾಡ್ರಿ ಕಾಕಾ. ಯಾಕ ಬರವಲ್ದು ಅಂತ ಮೊದಲ ನೋಡ್ರಿ. ಇಲ್ಲಂದ್ರ ಹಂಗ ಬಿಡ್ರಿ, ನಾಳೆ ಮುಂಜಾನೆ ನಾನ ಬರ್ತೀನಿ."

ನಾಳೆ ಎಂಬ ಮಾತಿಗೆ ನೀಲಕಂಠನ ಮುಖ ಕೆಂಪಾಯಿತು. ಚಿತ್ರ ಬರೆಯಲು ಕೂತರೆ ದಿನಗಟ್ಟಲೆ ಸೊಂಟ ಎತ್ತದ ಮನುಷ್ಯ. ಆದರೆ ಏನಾದರೂ ಸಿಕ್ಕಿಕೊಂಡಿತೋ, ತಾಳ್ಮೆ ಮಂಗಮಾಯ. ಮಗ್ಗದ ಓಣಿಯಲ್ಲಿ ಹುಟ್ಟಿದವರ ಕೈಯೇ ಹೀಗೆ. ಲಾಳಿ ಸಿಕ್ಕಿಕೊಂಡರೆ ನಾವು ಕೂತು ಯೋಚಿಸುವವರಲ್ಲ, ಒಂದು ಗುದ್ದು, ಒಂದು ಜಗ್ಗು, ಮಗ್ಗ ಮತ್ತೆ ಶುರು. ಮೇಲಾಗಿ ಗೋಡೆಯಾಚೆ ಬಿಗಿದ ಹಾಸು ಸುಮ್ಮನೆ ನಿಂತಿತ್ತು. ಅದನ್ನು ನೋಡಿಕೊಂಡು ಉಣ್ಣುವುದು ನಮ್ಮವರಿಗೆ ಕಷ್ಟ.

ತಡಿ ಎಂದೆ. ಅವನು ಆಗಲೇ ಎರಡೂ ಕೈಯಿಂದ ಕಾರ್ಡನ್ನು ಹಿಡಿದಿದ್ದ. ಜಗ್ಗಿದ. ಒಣ ಕಟ್ಟಿಗೆ ಸೀಳಿದಂಥ ಸಪ್ಪಳ ಬಂತು.

ಕಾರ್ಡ್ ಬಂತು. ಅದನ್ನು ಸಿಕ್ಕಿಸುವ ಖಾನೆಯೂ ಬೋರ್ಡಿನಿಂದ ಅರ್ಧ ಕಿತ್ತು ಮೇಲೆದ್ದಿತ್ತು, ಕೆಳಗೆ ಸಣ್ಣ ಸಣ್ಣ ತಂತಿಗಳು ಬಾಯಿ ಬಿಟ್ಟಿದ್ದವು. ಮುರಿದ ಕೊಂಡಿ ಮಾತ್ರ ಕಾರ್ಡಿನ ತುದಿಗೆ ಜೋತುಬಿದ್ದಿತ್ತು. ಯಾಕೆ ಬೀಳಲಿಲ್ಲ ಎಂದು ನೀಲಕಂಠ ಅದರ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ತಿಕ್ಕಿದ. ಒಳಗೆ ನೂಲು ಕಂಡಿತು. ಇನ್ನೂ ತಿಕ್ಕಿದ. ನೂಲು ಹಳದಿಯಾಗಿತ್ತು. ಕಾರ್ಡಿಗೂ ಕೊಂಡಿಗೂ ಸೇರಿಸಿ ಸುತ್ತುಸುತ್ತಾಗಿ ಬಿಗಿದು ಗಂಟು ಹಾಕಿತ್ತು. ಆ ಗಂಟು ಯಾರದೆಂದು ಓಣಿಯ ಕೂಸೂ ಹೇಳುತ್ತಿತ್ತು.

ದಸರೆಯ ಖಂಡೇ ಪೂಜೆಗೆ ನಮ್ಮಲ್ಲಿ ದುಡಿಯುವ ಎಲ್ಲ ಸಾಮಾನಿಗೂ ಅರಿಶಿಣದ ಎಳೆ ಕಟ್ಟುತ್ತಾರೆ. ಮಗ್ಗಕ್ಕೆ, ಲಾಳಿಗೆ, ಕತ್ತರಿಗೂ ಬಿಡುವುದಿಲ್ಲ. ಆ ಪೂಜೆಯ ದಿನ ಧೂಳು ತೆಗೆಯಲು ನೀಲಕಂಠ ಮುಚ್ಚಳ ಬಿಚ್ಚಿಟ್ಟು ತೆಂಗಿನಕಾಯಿ ತರಲು ಹೋದಾಗ ಗುರುಬಾಯಿ ಡಬ್ಬಿಯೊಳಗೂ ಕಟ್ಟಿ ಮುಚ್ಚಳ ಹಾಕಿದ್ದಳು.

ಅಷ್ಟರಲ್ಲಿ ಆಕೆಯೇ ಚಹಾ ತಂದಳು. ನೀಲಕಂಠ ನೂಲನ್ನು ಕಾರ್ಡಿನ ಮೇಲಿಂದ ಕತ್ತರಿಸಿ ಮುಷ್ಟಿಯೊಳಗೆ ಹಿಡಿದುಕೊಂಡ. ಏನಾಯಿತು ಎಂದು ಕೇಳಿದಳು.

"ಹಳೀದಾಗಿತ್ತು. ಹೋತು."

ಇಷ್ಟೇ ಹೇಳಿ ನನ್ನ ಕಡೆ ನೋಡಿದ. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಊರಿಗೇ ಗೊತ್ತು. ಅವತ್ತು ಚಹಾ ಕುಡಿದು ಎದ್ದು ಬಂದೆ.

ಮರುದಿನ ನವೀನ ಬಂದು ಬೋರ್ಡ್ ಸತ್ತಿದೆ ಎಂದ. ಡಿಸೈನ್‌ಗಳೆಲ್ಲ ಡಿಸ್ಕಿನಲ್ಲಿ ಇವೆ, ಆದರೆ ಅವನ್ನು ತೆರೆಯುವ ಪ್ರೋಗ್ರಾಂ ಈ ಬೋರ್ಡಿನ ಜೊತೆಗೇ ಹೋಯಿತು ಎಂದ. ನೀಲಕಂಠ ಡಬ್ಬಿಯನ್ನು ಬೆಳಗಾವಿಗೂ ಹೊತ್ತ. ಅಲ್ಲಿಯೂ ಅದೇ ಮಾತು. ಶಶಿಕಾಂತ ಕಾಯಲಿಲ್ಲ, ನನ್ನ ಹಾಸಿನ ಮೇಲೆ ಸೂರತ್ತಿನ ಅಂಚು ಬಂದು ಕೂತಿತು. ಅದರಲ್ಲಿರುವುದು ಗಿಣಿ ಅಂತೆ. ನನಗಂತೂ ಕೋಳಿಯಂತೆ ಕಾಣುತ್ತದೆ. ನೇಯುತ್ತಿದ್ದೇನೆ, ಏನು ಮಾಡಲಿ.

ನೀಲಕಂಠ ಈಗ ಹೆಂಡತಿಯ ಜೊತೆ ಎಳೆ ಜೋಡಿಸಲು ಹೋಗುತ್ತಾನೆ. ಅವನ ಗಂಟುಗಳು ಜಾರುತ್ತವೆ. ಅವನು ಜೋಡಿಸಿದ್ದನ್ನು ಗುರುಬಾಯಿ ಯಾರಿಗೂ ಕಾಣದಂತೆ ಮತ್ತೊಮ್ಮೆ ಕಟ್ಟುತ್ತಾಳೆ. ಚೌಕಳಿ ಹಾಳೆ ತಂದುಕೊಡುತ್ತೇನೆ, ಮತ್ತೆ ಬರಿ ಎಂದೆ. ಬರೆದರೆ ತಗೊಳ್ಳುವವರು ಯಾರು ಎಂದು ಕೇಳಿದ.

ಈ ವರ್ಷವೂ ಖಂಡೇ ಪೂಜೆ ಬಂತು. ನಾನು ಊದುಬತ್ತಿ ಕೇಳಲು ಅವರ ಮನೆಗೆ ಹೋಗಿದ್ದೆ. ಗುರುಬಾಯಿ ಸತ್ತ ಡಬ್ಬಿಯನ್ನೂ ಒರೆಸಿ, ಮಣೆಯ ಮೇಲಿಟ್ಟು, ಮುಚ್ಚಳ ತೆಗೆಸಿದ್ದಳು. ಕಿತ್ತು ಬಂದಿದ್ದ ಕಾರ್ಡನ್ನು ನೀಲಕಂಠ ಅದರ ಜಾಗದಲ್ಲೇ ಹಾಗೇ ಕೂಡಿಸಿಟ್ಟಿದ್ದ. ಆಕೆ ಬಗ್ಗಿ ಅಲ್ಲೆಲ್ಲ ಬೆರಳಾಡಿಸಿ ಹುಡುಕಿದಳು.

"ಹೋದ ವರ್ಷ ಇಲ್ಲೇ ಕಟ್ಟಿದ್ದೆ. ಸಡ್ಲಾಗಿ ಪಂಖಕ್ಕ ಸಿಗಬಾರ್ದಂತ ಕೊಂಡೀಗೂ ಸುತ್ತಿದ್ದೆ. ಎಳಿ ಹರಕೊಂಡ ಬಿದ್ದೈತಿ ನೋಡ್ರಿ, ಅದಕ್ಕ ಹಿಂಗಾತು."

ಹೊಸ ಎಳೆಯನ್ನು ಅರಿಶಿಣದಲ್ಲಿ ಅದ್ದಿ, ಹೋದ ವರ್ಷಕ್ಕಿಂತ ಹೆಚ್ಚು ಸುತ್ತು ಸುತ್ತಿದಳು. ಗಂಟು ಹಾಕಿದಳು. ಎರಡೂ ತುದಿ ಎಳೆದು ಗಂಡನ ಕಡೆ ತಿರುಗಿದಳು.

"ಬಿಗಿ ಆತೇನ್ರಿ?"

ನೀಲಕಂಠ ಕೈ ಚಾಚಿ ಎಳೆಯನ್ನು ಮೆಲ್ಲಗೆ ಎಳೆದು ನೋಡಿದ.

"ಆತು," ಎಂದ. "ಛಲೋ ಬಿಗಿ ಆತು."