ಸೊಂಟಕ್ಕೆ ಸಿಕ್ಕಿಸಿಕೊಂಡ ಕಿವಿ

ನನ್ನ ಎಡಗಿವಿಗೆ ಏನೂ ಕೇಳುವುದಿಲ್ಲ. ಬಲಗಿವಿಗೆ ಬೇಕಾದಷ್ಟು ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಮ್ಮಗನನ್ನು ನೋಡಿಕೊಳ್ಳಲು ನಾನು ಸಾಕೋ ಸಾಲದೋ ಎಂಬ ಮಾತು ಮನೆಯಲ್ಲಿ ಎದ್ದಾಗ ಎಲ್ಲರೂ ಎಡಗಿವಿಯ ಬಗ್ಗೆಯೇ ಮಾತಾಡಿದರು. ಬಲಗಿವಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಗ ಸೊಸೆ ಇರುವುದು ಖಾರಘರದಲ್ಲಿ, ಹನ್ನೊಂದನೇ ಮಹಡಿಯಲ್ಲಿ. ನಾನು ಡೊಂಬಿವಲಿಯವಳು. ಮದುವೆಯಾಗಿ ಉಡುಪಿ ಕಡೆಯಿಂದ ಬಂದವಳು ಅಲ್ಲೇ ಎರಡು ಕೋಣೆಯಲ್ಲಿ ಸಂಸಾರ ಮಾಡಿದೆ. ನಮ್ಮ ಯಜಮಾನರು ಈಗಲೂ ಅಲ್ಲಿಯ ಹೋಟೆಲಿನ ಗಲ್ಲೆಯಲ್ಲೇ ಕೂರುತ್ತಾರೆ, ಭಾನುವಾರ ಮಾತ್ರ ಇಲ್ಲಿಗೆ ಬರುತ್ತಾರೆ. ಸೊಸೆ ಬಾಣಂತನ ಮುಗಿಸಿ ಮೈಸೂರಿನ ತವರಿನಿಂದ ಬಂದ ದಿನವೇ ನಾನೂ ಗಂಟು ಕಟ್ಟಿಕೊಂಡು ಖಾರಘರಕ್ಕೆ ಬಂದೆ. ಅವಳ ರಜೆ ಮುಗಿಯಲು ಇನ್ನೊಂದು ತಿಂಗಳಿತ್ತು. ಆಮೇಲೆ ಅವಳು ಐರೋಲಿಯ ಆಫೀಸಿಗೆ ಹೋದರೆ ಹಗಲೆಲ್ಲ ಮಗು ನನ್ನದು. ಹಾಗೆಂದು ಮಾತಾಗಿತ್ತು.

ಡೊಂಬಿವಲಿಯ ಮನೆಯಲ್ಲಿ ಮಗು ಅತ್ತರೆ ಆ ಅಳು ಎಲ್ಲಿಗೆ ಹೋದೀತು? ಸುತ್ತಿ ಬಂದು ನನ್ನ ಮಡಿಲಿಗೇ ಬೀಳುತ್ತಿತ್ತು. ಇಲ್ಲಿ ಹಾಗಲ್ಲ. ಮಲಗುವ ಕೋಣೆ ಒಂದು ತುದಿಗೆ, ಅಡಿಗೆಮನೆ ಇನ್ನೊಂದು ತುದಿಗೆ. ಎ.ಸಿ. ಎಂದು ಬಾಗಿಲು ಹಾಕಿಡುತ್ತಾರೆ. ಒಂದು ಮಧ್ಯಾಹ್ನ ಸೊಸೆ ಹೊರಗೆ ಹೋಗಿದ್ದಳು, ನಾನು ಇಡ್ಲಿಗೆ ರುಬ್ಬುತ್ತಿದ್ದೆ. ಒಳಗೆ ಮಗು ಎದ್ದು ಅತ್ತದ್ದು ನನಗೆ ಕೇಳಲಿಲ್ಲ, ಗೋಡೆಯಾಚೆಯ ಪಕ್ಕದ ಮನೆಯವಳಿಗೆ ಕೇಳಿತು. ಅವಳು ಬಂದು ಬೆಲ್ ಒತ್ತಿದಳು. ಬೆಲ್ ನನಗೆ ಕೇಳಿತು ಎಂಬುದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವಳು ಸಂಜೆ ಲಿಫ್ಟಿನಲ್ಲಿ ನನ್ನ ಮಗನಿಗೆ ಹೇಳಿದಳು.

ಮಗ ಹುಟ್ಟಿ ಬೆಳೆದದ್ದೆಲ್ಲ ಈ ಕಡೆಯೇ. ನಾನು ಕನ್ನಡದಲ್ಲಿ ಬೈದರೂ ಅವನ ಉತ್ತರ ಅರ್ಧ ಹಿಂದಿಯಲ್ಲಿ.

"ಅಮ್ಮಾ, ಬುರಾ ಮತ್ ಮಾನ್‌ನಾ. ಬೇಜಾರು ಮಾಡ್ಬೇಡ. ಪಕ್ಕದ ಟವರಲ್ಲಿ ಡೇಕೇರ್ ಇದೆ. ಅಚ್ಛಾ ಹೈ. ನಿಂಗೂ ಆರಾಮ್."

"ನನಗೆ ಆರಾಮ ಬೇಕು ಅಂತ ಯಾರು ಹೇಳಿದ್ದು ಮಾರಾಯ? ಆರು ತಿಂಗಳ ಮಗು. ಮನೆಯಲ್ಲಿ ಅಜ್ಜಿ ಬದುಕಿ ಉಂಟಲ್ಲ!"

"ಅಜ್ಜಿ ಇದ್ದಾಳೆ. ಕಿವಿ?"

ಆ ಮಾತು ನಾಟಿತು. ದೇವರ ಮುಂದೆ ಹೋಗಿ ಕೂತೆ. ಒಂದು ಕಿವಿ ತೆಗೆದುಕೊಂಡೆಯಪ್ಪ, ಇನ್ನೊಂದನ್ನು ಬಿಟ್ಟೆ. ಈಗಲೂ ನೆಲದಲ್ಲಿ ಕೂತು ಏಳುವ ಮೊಣಕಾಲು ಬಿಟ್ಟೆ. ಮಗುವನ್ನು ಎತ್ತುವ ತೋಳು ಬಿಟ್ಟೆ. ಬಿಟ್ಟದ್ದೆಲ್ಲ ಕೆಲಸಕ್ಕೆಂದೇ ಅಲ್ಲವೋ? ಹೀಗೆ ಹೇಳಿ ಎದ್ದು ಬಂದು ಮಗನಿಗೆ ಅಂದೆ, "ಈ ತಿಂಗಳು ಮುಗಿಯಲಿ. ಮಗು ಅತ್ತರೆ ಹೇಳುವ ಮಿಶನ್ ಉಂಟಂತಲ್ಲ, ಅದು ತರುವ. ಆಗಲೂ ನನ್ನಿಂದ ಆಗದಿದ್ದರೆ ನಾನೇ ಎತ್ತಿಕೊಂಡು ಹೋಗಿ ನಿನ್ನ ಡೇಕೇರಿಗೆ ಬಿಡ್ತೇನೆ."

ಅವನು ಮೊದಲು ತರಿಸಿದ್ದು ಕ್ಯಾಮೆರಾ. ಅದಕ್ಕೆ ವೈಫೈ ಬೇಕು, ಮೊಬೈಲಿನಲ್ಲಿ ಮಗು ಕಾಣುತ್ತದೆ.

"ಆಫೀಸಿಂದ ನಾವೂ ನೋಡಬಹುದು," ಅಂದ.

"ಮಗುವನ್ನಾ, ನನ್ನನ್ನಾ?" ಅಂತ ಕೇಳಿದೆ. ಅವನು ವೈರು ಜೋಡಿಸುವುದರಲ್ಲಿ ಬಹಳ ಮುಳುಗಿದ್ದ.

ನಾಲ್ಕು ದಿನ ಆ ಕ್ಯಾಮೆರಾ ಚೆನ್ನಾಗಿತ್ತು. ಐದನೇ ದಿನ ನಾನು ಅಡಿಗೆಮನೆಯಲ್ಲಿ ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ನೋಡುತ್ತಿದ್ದೆ. ಮಗು ಮಲಗಿತ್ತು. ಪಲ್ಯಕ್ಕೆ ಒಗ್ಗರಣೆ ಕೊಟ್ಟೆ, ಮಲಗಿತ್ತು. ಸಾರು ಕುದಿಸಿದೆ, ಆಗಲೂ ಮಲಗಿತ್ತು. ನಮ್ಮ ವಂಶದಲ್ಲಿ ಹಗಲು ಹೊತ್ತು ಇಷ್ಟು ಹೊತ್ತು ಅಲುಗಾಡದೆ ಮಲಗಿದವರು ಯಾರೂ ಇಲ್ಲ. ಸಂಶಯ ಬಂದು ಕೋಣೆಗೆ ಓಡಿದರೆ ಮಹಾರಾಯ ಬೋರಲು ಬಿದ್ದು ಸೊಳ್ಳೆಪರದೆಯ ಅಂಚು ಜಗಿಯುತ್ತಿದ್ದಾನೆ! ನೆಟ್ ಹೋಗಿತ್ತು. ಚಿತ್ರ ಮಾತ್ರ ನಿಂತಲ್ಲೇ ನಿಂತಿತ್ತು. ನಾನು ಮೊಬೈಲನ್ನು ಮಗುವಿನ ಪಕ್ಕಕ್ಕೆ ಹಿಡಿದು ಸೊಸೆಯನ್ನು ಕರೆದೆ.

"ನೋಡು ಮಾರಾಯ್ತಿ, ಎರಡು ಮೊಮ್ಮಕ್ಕಳು. ಯಾವುದನ್ನು ಎತ್ತಿಕೊಳ್ಳಲಿ?"

ಅವಳು ನಕ್ಕಳು, ಆಮೇಲೆ ಅವಳ ಮುಖ ಸಣ್ಣದಾಯಿತು. "ಅತ್ತೆ, ಇದನ್ನ ವಾಪಸ್ ಕಳಿಸೋಣ. ನೀವು ಹೇಳಿದ್ದನ್ನೇ ತರೋಣ."

ನಾನು ಹೇಳುವುದಲ್ಲ, ನೋಡಿ ತರುವುದು ಎಂದು ಮರುದಿನ ಬೆಳಿಗ್ಗೆಯೇ ಹೊರಟೆ. ಖಾರಘರದಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿ. ಕೂರಲು ಜಾಗ ಸಿಕ್ಕಿತು. ಅದೂ ದೇವರ ದಯೆಯೇ. ಸ್ಟೇಶನ್ನಿನ ಪೂರ್ವಕ್ಕೆ ಗಲ್ಲಿಯಲ್ಲಿ ಒಂದು ಕರೆಂಟ್ ಸಾಮಾನಿನ ಅಂಗಡಿ ಉಂಟು. ನನ್ನ ಮೊದಲ ಮಿಕ್ಸರ್ ಅಲ್ಲಿಯದು, ಈಗಿನದೂ ಅಲ್ಲಿಯದೇ. ಅಂಗಡಿಯ ಮರಾಠಿ ಮುದುಕರು ನನ್ನನ್ನು ವಹಿನಿ ಎನ್ನುತ್ತಾರೆ, ಅಂದರೆ ಅತ್ತಿಗೆ. ಅವರು ಮೇಲಿನ ಕಪಾಟಿನಿಂದ ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಎರಡು ಡಬ್ಬಿ. ಒಂದನ್ನು ಮಗುವಿನ ಕೋಣೆಯಲ್ಲಿ ಇಡಬೇಕು, ಇನ್ನೊಂದನ್ನು ನಾವು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಮಗು ಅತ್ತರೆ ಸೊಂಟದ್ದು ಸದ್ದು ಮಾಡುತ್ತದೆ, ಕೆಂಪು ದೀಪ ಸಾಲಾಗಿ ಏರುತ್ತದೆ, ಡಬ್ಬಿ ನಡುಗುತ್ತದೆ.

"ನೆಟ್ ನಕೋ, ಕಾಹೀ ನಕೋ, ವಹಿನಿ," ಅಂದರು. ನೆಟ್ಟೂ ಬೇಡ, ಏನೂ ಬೇಡ.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಕರೆಂಟ್ ಹೋದರೆ? ಒಳಗೆ ಬ್ಯಾಟರಿ ಉಂಟು. ಬ್ಯಾಟರಿ ತೀರಿದರೆ ಹೇಳಿ ಸಾಯುತ್ತದೋ, ಹೇಳದೆ ಸಾಯುತ್ತದೋ? ಹೇಳುತ್ತದೆ, ಪೀಂ ಪೀಂ ಅನ್ನುತ್ತದೆ. ನಡುವೆ ಮೂರು ಗೋಡೆ ಬಂದು ಸಂಬಂಧ ಕಡಿದರೆ? ಆಗಲೂ ಪೀಂ ಪೀಂ.

"ವಹಿನಿ, ಸೊಸೆ ತರುವಾಗಲೂ ಇಷ್ಟು ಚೌಕಶಿ ಮಾಡಿರಲಿಕ್ಕಿಲ್ಲ ನೀವು!"

"ಸೊಸೆಗೆ ಯಾಕೆ ವಿಚಾರಣೆ? ಅವಳು ಕೂಗಿದರೆ ನನಗೆ ಹಾಗೆಯೇ ಕೇಳ್ತದೆ."

ಬಾಯಿಮಾತು ನಂಬುವವಳಲ್ಲ ನಾನು. ಒಂದು ಡಬ್ಬಿಯನ್ನು ಅವರ ರೇಡಿಯೋ ಪಕ್ಕ ಇಡಿಸಿದೆ. ಇನ್ನೊಂದನ್ನು ಸೀರೆಯ ನೆರಿಗೆಗೆ ಸಿಕ್ಕಿಸಿಕೊಂಡು ರಸ್ತೆಯಾಚೆ ವಡಾಪಾವಿನ ಗಾಡಿಯ ಹತ್ತಿರ ನಿಂತೆ. ರಿಕ್ಷಾ ಹಾರ್ನು, ಸ್ಟೇಶನ್ನಿನ ಅನೌನ್ಸ್‌ಮೆಂಟು, ಕೂಗಾಟ. ನನ್ನ ಬಲಗಿವಿಗಿರಲಿ, ಅಲ್ಲಿ ಯಾರ ಕಿವಿಗೂ ಏನೂ ಕೇಳುವ ಹಾಗಿರಲಿಲ್ಲ. ಆಚೆ ಮುದುಕರು ರೇಡಿಯೋ ಜೋರು ಮಾಡಿದರು. ನನ್ನ ಸೊಂಟ ನಡುಗಿತು. ನಾನು ರಸ್ತೆಯಲ್ಲೇ ಕೈ ಮುಗಿದೆ.

ಇನ್ನು ನನ್ನ ತಪ್ಪು. ಅದನ್ನೂ ನಾನೇ ಹೇಳಬೇಕು.

ನಮ್ಮಲ್ಲಿ ಹೊಸ ಸಾಮಾನು ಮನೆಗೆ ಬಂದರೆ ಗಂಧ ಕುಂಕುಮ ಇಡದೆ ಬಳಸುವ ಕ್ರಮ ಇಲ್ಲ. ಗ್ರೈಂಡರಿಗೆ ಇಟ್ಟಿದ್ದೇನೆ, ಫ್ರಿಜ್ಜಿಗೆ ಇಟ್ಟಿದ್ದೇನೆ, ಮಗನ ಲ್ಯಾಪ್‌ಟಾಪಿಗೆ ಅವನು ಬೇಡ ಬೇಡ ಎಂದರೂ ಇಟ್ಟಿದ್ದೇನೆ. ಎರಡೂ ಡಬ್ಬಿಗಳನ್ನು ತಟ್ಟೆಯಲ್ಲಿ ದೇವರೆದುರು ಇಟ್ಟು, ಗಂಧ ತೇಯ್ದು, ಹಣೆ ಎಂದು ಕಂಡಲ್ಲಿ ದಪ್ಪಗೆ ಹಚ್ಚಿ ಮೇಲೆ ಕುಂಕುಮ ಒತ್ತಿದೆ. ಆಮೇಲೆ ಮಗುವಿನ ಕೈಗೆ ಸಿಗದ ಹಾಗೆ ಒಂದನ್ನು ಅವನ ಕೋಣೆಯ ಕಪಾಟಿನ ಮೇಲೆ ಇಟ್ಟೆ.

ಶನಿವಾರ ಡಬ್ಬಿಯನ್ನು ಪರೀಕ್ಷೆ ಮಾಡಲು ಮಗ ಮಗುವಿನ ಹತ್ತಿರ ಕೂತ. ನಾನು ಅಡಿಗೆಮನೆಯಲ್ಲಿ ಮಿಕ್ಸರ್ ಹಾಕಿಕೊಂಡು ನಿಂತೆ. ಮಗು ಎದ್ದು ಅತ್ತಿತು. ದೀಪ ಏರಲಿಲ್ಲ, ಡಬ್ಬಿ ನಡುಗಲಿಲ್ಲ. ಮಗ ಮಗುವನ್ನು ಎತ್ತಿಕೊಂಡು ಬಂದು ನನ್ನೆದುರು ನಿಂತಾಗಲೇ ನನಗೆ ಗೊತ್ತಾದದ್ದು.

"ಬಸ್, ಅಮ್ಮಾ. ಹೋ ಗಯಾ," ಅಂದ. ಸಂಜೆ ಡೇಕೇರಿನ ಫಾರ್ಮ್ ತಂದು ಫ್ರಿಜ್ಜಿನ ಮೇಲೆ ಇಟ್ಟ.

ನಾನು ಅಳಲಿಲ್ಲ. ಕಪಾಟಿನ ಮೇಲಿದ್ದ ಡಬ್ಬಿಯನ್ನು ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಕ ಹಾಕಿ ನೋಡಿದೆ. ನಾನು ಹಣೆ ಎಂದುಕೊಂಡಲ್ಲಿ ಸಾಸಿವೆಯಷ್ಟು ತೂತುಗಳಿದ್ದವು. ಅದು ಹಣೆಯಲ್ಲ, ಅದರ ಕಿವಿ. ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ಕಿವುಡಿ ತಾನು ಸಾಲದೆಂದು ಮಿಶನ್ನನ್ನೂ ಕಿವುಡು ಮಾಡಿದ್ದಳು!

ಸುಮ್ಮನೆ ಒರೆಸಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಗ ಆಗಲೇ ಡೊಂಬಿವಲಿಯ ಮುದುಕರನ್ನು ಠಕ್ಕ ಅಂದಿದ್ದ. ಹತ್ತಿಯನ್ನು ಚೂರು ಒದ್ದೆ ಮಾಡಿ, ಇಬ್ಬರನ್ನೂ ಕರೆದು, ಅವರೆದುರೇ ಒರೆಸಿದೆ. ಸೊಸೆ ನಕ್ಕು ನಕ್ಕು ಸೋಫಾದಲ್ಲಿ ಬಿದ್ದಳು. ಮಗ ನಗಲಿಲ್ಲ.

"ಯಹೀ ತೋ ಪ್ರಾಬ್ಲೆಮ್ ಹೈ, ಅಮ್ಮಾ."

"ಪ್ರಾಬ್ಲೆಮ್ ಇತ್ತು, ತೆಗೆದೆ. ಕುಂಕುಮ ಬಿಡುವವಳಲ್ಲ ನಾನು," ಎಂದು ಡಬ್ಬಿ ತಿರುಗಿಸಿ ಬೆನ್ನಿಗೆ ಇಟ್ಟೆ. ಫಾರ್ಮ್ ಫ್ರಿಜ್ಜಿನ ಮೇಲೆಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅತ್ತೆ, ಮಡೀಲಿ ಪ್ಲಾಸ್ಟಿಕ್ ಪರವಾಗಿಲ್ವಾ?" ಸೊಸೆ ಕೇಳಿದಳು.

"ಕನ್ನಡಕ ಎಂತದ್ದು ಮತ್ತೆ? ಅದಿಲ್ಲದಿದ್ದರೆ ನನಗೆ ದೇವರೇ ಕಾಣುವುದಿಲ್ಲ."

ಅವಳು ಸ್ನಾನಕ್ಕೆ ಹೋದಳು. ಮಗ ಹಾಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದ. ನಾನು ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ ಹಿಡಿದು ಆರತಿ ಎತ್ತಿದೆ. ಗಂಟೆಯ ಸದ್ದಿನಲ್ಲಿ ಇನ್ನೇನೂ ಕೇಳಿಸುವುದಿಲ್ಲ. ಅರ್ಧ ಆರತಿಯಲ್ಲಿ ಸೊಂಟ ನಡುಗಿತು.

ಇಷ್ಟು ವರ್ಷದಲ್ಲಿ ಆರತಿಯನ್ನು ನಡುವೆ ಬಿಟ್ಟು ಎದ್ದವಳಲ್ಲ ನಾನು. ಆರತಿಯನ್ನು ದೇವರೆದುರು ಇಟ್ಟೆ, ಗಂಟೆ ಕೆಳಗಿಟ್ಟೆ, ತಡಿಯಪ್ಪ ಎಂದು ಹೋದೆ. ಎರಡು ಒಳ್ಳೆಯ ಕಿವಿಯ ಮಗನ ಮುಂದಿನಿಂದಲೇ ಹೋದೆ, ಅವನಿಗೆ ಗೊತ್ತಾಗಲಿಲ್ಲ. ಮಗುವನ್ನು ಎತ್ತಿಕೊಂಡು ವಾಪಸ್ ಬರುವಾಗ ಅವನು ತಲೆ ಎತ್ತಿ ನೋಡಿ ಹೆಡ್‌ಫೋನ್ ಇಳಿಸಿದ.

"ಅತ್ತಿದ್ನಾ? ಕಬ್?"

"ನಿನ್ನ ಮೀಟಿಂಗ್ ಮುಗಿಸು," ಅಂದೆ.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಉಳಿದ ಆರತಿ ಎತ್ತಿದೆ. ದೀಪ ಇನ್ನೂ ಆರಿರಲಿಲ್ಲ. ಗಂಟೆ ಬಾರಿಸಲು ಕೈ ಖಾಲಿ ಇರಲಿಲ್ಲ. ಹಿಂದಿನಿಂದ ಯಾರೋ ಗಂಟೆ ಎತ್ತಿಕೊಂಡರು. ಮಗನೇ. ಸ್ನಾನ ಇಲ್ಲ, ಮಡಿ ಇಲ್ಲ, ಚಡ್ಡಿಯಲ್ಲಿದ್ದ. ನಾನು ಆರತಿ ಎತ್ತುತ್ತಲೇ ಇದ್ದೆ.

ಡೇಕೇರಿನ ಫಾರ್ಮ್ ಈಗಲೂ ಫ್ರಿಜ್ಜಿನ ಮೇಲೆಯೇ ಉಂಟು. ಅದರ ಹಿಂಬದಿ ಖಾಲಿ ಇತ್ತು. ಮಗು ಎಷ್ಟು ಗಂಟೆಗೆ ಹಾಲು ಕುಡಿಯಿತು, ಎಷ್ಟಕ್ಕೆ ಮಲಗಿತು ಎಂದು ಸಂಜೆ ಆಫೀಸಿನಿಂದ ಬರುವ ಸೊಸೆಗೆ ತೋರಿಸಲು ಅದರಲ್ಲೇ ಬರೆದಿಡುತ್ತೇನೆ.