ಗೋಡೆ ದಾಟಿ ಬಂದ ಪಡವಲ

ಆ ದಿನ ಮಾಡಿದ ಕೆಲಸ: ಕೊಟ್ಟಿಗೆ ಬಾಚಿ ಸಗಣಿ ತಿಪ್ಪೆಗೆ ಹಾಕಿದ್ದು, ಹಸು ಕರೆದದ್ದು, ಬಾಗಿಲು ಸಾರಿಸಿ ರಂಗೋಲಿ ಬಿಟ್ಟದ್ದು, ಮೊಸರು ಕಡೆದದ್ದು, ರಾಗಿ ಬೀಸಿದ್ದು, ಅತ್ತೆಗೆ ಜ್ವರ ಬಿಟ್ಟ ಮೇಲೆ ಮೊದಲ ಸಲ ತಲೆಗೆ ನೀರು ಹಾಕಿದ್ದು, ಅವರ ಕಂಬಳಿ ಕೊಡವಿ ಬಿಸಿಲಿಗೆ ಹಾಕಿದ್ದು, ಒಲೆಯ ಬೂದಿ ಜರಡಿ ಹಿಡಿದು ಮಡಕೆಗೆ ತುಂಬಿದ್ದು, ಆಮೇಲೆ ಹಿತ್ತಲಿನ ಪಡವಲದ ಬಳ್ಳಿಯಿಂದ ಮೊದಲ ಕಾಯಿ ಕೊಯ್ದದ್ದು. ಮಿಕ್ಕವೆಲ್ಲ ದಿನಾ ಮಾಡುವವೇ. ಕೊನೆಯದೊಂದಕ್ಕೆ ಮುಂಗಾರಿನಿಂದ ಕಾದಿದ್ದೆವು.

ನಮ್ಮ ಊರು ಹಾರನಹಳ್ಳಿಗೂ ಅರಸೀಕೆರೆಗೂ ನಡುವೆ. ತೆಂಗಿನ ತೋಟ, ರಾಗಿ ಹೊಲ, ಕೆರೆ ತುಂಬಿದ ವರ್ಷ ಒಂದಿಷ್ಟು ಗದ್ದೆ. ಗಾಳಿ ಈ ಕಡೆಗೆ ಬೀಸಿದರೆ ಅರಸೀಕೆರೆಯ ರೈಲಿನ ಕೂಗು ಅಡುಗೆಮನೆಗೆ ಕೇಳುತ್ತಿತ್ತು. ನನ್ನ ತವರು ಬೇಲೂರಿನ ಆಚೆ, ಯಗಚಿ ದಂಡೆಯ ಮೇಲೆ. ಅಲ್ಲಿ ನಮ್ಮವ್ವ ಬಾವಿಯ ಪಕ್ಕ ಚಪ್ಪರ ಹಾಕಿ ವರ್ಷ ವರ್ಷವೂ ಪಡವಲ ಹಬ್ಬಿಸುತ್ತಿದ್ದಳು. ನೀರು ಸೇದಲು ಹೋದರೆ ಕಾಯಿಗಳು ಬಂದು ಕಿವಿಗೆ ತಾಕುತ್ತಿದ್ದವು. ಮದುವೆಯಾಗಿ ಬಂದ ವರ್ಷವೇ ನಾನು ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಬಂದು, ಹಿತ್ತಲಲ್ಲಿ ಒಂದು ಪಾತಿ ಮಾಡಿಕೊಳ್ಳಲೇ ಎಂದು ಅತ್ತೆಯನ್ನು ಕೇಳಿದ್ದೆ.

"ಪಡವಲ ನಮ್ಮನೆಗೆ ಆಗಿಬರಲ್ಲ ಕಣಮ್ಮಿ," ಅಂದರು.

ನಮ್ಮ ಕಡೆ ಮನೆಮನೆಗೂ ಹೀಗೆ ಆಗಿಬರದ್ದು ಒಂದಿರುತ್ತದೆ. ಒಬ್ಬರ ಮನೆಯಲ್ಲಿ ಬಿಳಿ ಕೋಳಿ ಸಾಕುವುದಿಲ್ಲ, ಇನ್ನೊಬ್ಬರು ಹುಚ್ಚೆಳ್ಳು ಬಿತ್ತುವುದಿಲ್ಲ. ಕೊಂಡು ತಿನ್ನಬಹುದು, ಯಾರಾದರೂ ಕೊಟ್ಟರೆ ತಿನ್ನಬಹುದು, ತಮ್ಮ ಮಣ್ಣಿನಲ್ಲಿ ಊರಬಾರದು. ಪಡವಲ ಯಾಕೆ ಆಗಿಬರಲಿಲ್ಲವೆಂದು ಕೇಳಿದರೆ ಅತ್ತೆಯ ಅತ್ತೆಯ ಕಾಲದಲ್ಲಿ ಚಪ್ಪರ ಹಾಕಿದ ವರ್ಷ ಜೋಡೆತ್ತಿನಲ್ಲಿ ಒಂದು ಸತ್ತಿತೆಂದು ಒಬ್ಬರು ಹೇಳುತ್ತಿದ್ದರು. ಎತ್ತಲ್ಲ, ಚಪ್ಪರದಿಂದ ನಿಜವಾದ ಹಾವೇ ಇಳಿದು ಬಂತೆಂದು ಇನ್ನೊಬ್ಬರು. ನಮ್ಮ ಯಜಮಾನರನ್ನು ಕೇಳಿದರೆ, ಯಾವನೋ ಚಪ್ಪರದ ಗೂಟ ಸರಿಯಾಗಿ ಹುಗಿಯದೆ ಅದು ತಾತನ ಮೇಲೆ ಬಿದ್ದಿರಬೇಕು ಎಂದು ನಗುತ್ತಿದ್ದರು. ಅತ್ತೆ ಮಾತ್ರ ನಗುತ್ತಿರಲಿಲ್ಲ. ತಮ್ಮ ಅತ್ತೆ ಹೇಳಿದ ಮಾತನ್ನು ಅವರು ಒಂದು ದಿನವೂ ಮೀರಿದವರಲ್ಲ. ನಾನು ಆ ಬೀಜಗಳನ್ನು ಬೂದಿಯಲ್ಲಿ ಬೆರೆಸಿ ಒಂದು ಕುಡಿಕೆಗೆ ಹಾಕಿ ಅಟ್ಟದಲ್ಲಿಟ್ಟೆ. ಅದು ಖಾಲಿಯಾಗದಂತೆ, ತವರಿಗೆ ಹೋದಾಗಲೆಲ್ಲ ಹೊಸ ಬೀಜ ತಂದು ತುಂಬುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಒಂದು ಬೇಸಗೆಯ ಕೊನೆಗೆ ಅತ್ತೆಗೆ ಚಳಿಜ್ವರ ಹಿಡಿಯಿತು. ಆ ಕಾಲದಲ್ಲಿ ಆ ಜ್ವರ ಬರದ ಮನೆ ಇರಲಿಲ್ಲ, ಆದರೆ ಅವರದು ಬಿಟ್ಟು ಬಿಟ್ಟು ಬಂದು ಮೈಯ ಮಾಂಸವನ್ನೆಲ್ಲ ತಿಂದುಬಿಟ್ಟಿತು. ಬಳೆ ಮೊಳಕೈವರೆಗೆ ಜಾರುತ್ತಿತ್ತು. ಹಾರನಹಳ್ಳಿಯ ಪಂಡಿತರು ಬಂದು ನಾಡಿ ನೋಡಿ ಕಷಾಯ ಕೊಟ್ಟರು. ಜ್ವರ ನಾನು ನಿಲ್ಲಿಸುತ್ತೇನೆ, ಆದರೆ ಈಯಮ್ಮ ಉಣ್ಣದಿದ್ದರೆ ಮತ್ತೆ ಏಳುವುದಿಲ್ಲ ಎಂದು ಯಜಮಾನರನ್ನು ಜಗಲಿಗೆ ಕರೆದು ಮೆಲ್ಲಗೆ ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಪಥ್ಯಕ್ಕೆ ಹಳೆ ಅಕ್ಕಿಯ ಗಂಜಿ, ಹೆಸರುಬೇಳೆ, ಪಡವಲಕಾಯಿ ಎಷ್ಟು ಸೇರಿದರೆ ಅಷ್ಟು. ಹುಣಸೆಹಣ್ಣು ಬೇಡ, ತೆಂಗಿನಕಾಯಿ ಮುಟ್ಟಲೇಬೇಡಿ.

ಅತ್ತೆ ಆ ನಿತ್ರಾಣದಲ್ಲೂ ಬಿಡಲಿಲ್ಲ. ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡವರಿಗೆ ಕಾಯಿ ತಿನ್ನಬೇಡ ಅನ್ನುವವನು ವೈದ್ಯನೋ ಸಾಲ ಕೊಟ್ಟವನೋ ಎಂದು ಕೇಳಿದರು.

ಯಜಮಾನರು ಕೊಬ್ಬರಿ ಹೇರಿಕೊಂಡು ಅರಸೀಕೆರೆ ಸಂತೆಗೆ ಹೋದಾಗ ಪಡವಲ ತಂದರು. ಮೂಟೆಗಳ ಕೆಳಗೆ ಸಿಕ್ಕಿ ಮುರಿದು, ಬಿಸಿಲಿಗೆ ಬಾಡಿ, ನಾರಾಗಿತ್ತು. ಎಷ್ಟು ಬೇಯಿಸಿದರೂ ಬೇಯಲಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಇದು ಕಾಯಲ್ಲ ಮಗ, ಗಾಡಿ ಕಟ್ಟೋ ಹಗ್ಗ ಎಂದು ತಟ್ಟೆ ಸರಿಸಿದರು. ಮಾರನೆಯ ದಿನ ಬರೀ ಗಂಜಿಯನ್ನೂ ಅರ್ಧಕ್ಕೇ ಬಿಟ್ಟರು.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣುಗೋಡೆ. ಆಚೆ ಒಬ್ಬ ಮುದುಕಿ ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಹಸು, ಅದರ ಕರು. ಊರಿಗೆಲ್ಲ ಅವಳು ದೊಡ್ಡವ್ವ. ಅವಳ ಬಚ್ಚಲ ನೀರು ಗೋಡೆಯ ಬುಡಕ್ಕೇ ಬರುತ್ತಿತ್ತು. ನಾನು ಕುಡಿಕೆ ತೆಗೆದುಕೊಂಡು ಹೋಗಿ ವಿಷಯ ಹೇಳಿದೆ. ಅವಳ ಮನೆಗೆ ಆಗಿಬರದ್ದು ಯಾವುದೂ ಇರಲಿಲ್ಲ, ಆಗಿಬಂದದ್ದೂ ಹೆಚ್ಚಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

"ಊರೋದು ನಾನು, ಕಾಯಿ ನಿಮ್ಮತ್ತೆಗೆ, ತಿರುಳಿನ ಚಟ್ನಿ ನಂಗೆ," ಎಂದು ಆಗಲೇ ಗುದ್ದಲಿ ಹುಡುಕಿದಳು.

ಅತ್ತೆಗೆ ತಿಳಿಸದೆ ಮಾಡುವ ಮನಸ್ಸು ನನಗಿರಲಿಲ್ಲ. ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟರು: ಬೇರು ಆಚೆ ಇದ್ದರೆ ಬಳ್ಳಿ ಅವಳದು, ಕುಡಿ ಗೋಡೆ ದಾಟಿದರೆ ಅದಕ್ಕೆ ಯಾರೂ ಹೊಣೆಯಲ್ಲ, ಆದರೆ ಚಪ್ಪರದ ಗೂಟ ನಮ್ಮ ನೆಲದಲ್ಲಿ ಹುಗಿಯಕೂಡದು. ಸರಿ, ಕೊಟ್ಟಿಗೆಯ ಸೂರಿನಿಂದ ನುಗ್ಗೆ ಮರಕ್ಕೆ ತೆಂಗಿನ ಹುರಿ ಎಳೆದು, ಅಡ್ಡಡ್ಡ ನೇಯ್ದು, ಒಂದು ಗೂಟವೂ ಇಲ್ಲದ ಚಪ್ಪರ ಮಾಡಿದೆ. ಯಜಮಾನರು ಅದನ್ನು ನೋಡಿ, ಬಳ್ಳಿಗೋ ನಿನಗೋ ಈ ತೊಟ್ಟಿಲು ಎಂದರು.

ಬೀಜ ಮೊಳೆತು ಎರಡೆಲೆ ಬಿಟ್ಟಾಗ ಕೆಂಪು ಹುಳ ಬಂತು. ಬೆಳಗ್ಗೆ ಇಬ್ಬನಿ ಆರುವ ಮೊದಲೇ ಹೋಗಿ ಗೋಡೆಯ ಮೇಲಿನಿಂದ ಬಗ್ಗಿ ಬೂದಿ ಉದುರಿಸುತ್ತಿದ್ದೆ. ಆಷಾಢದ ಗಾಳಿಗೆ ಬಳ್ಳಿ ಗೋಡೆ ಹತ್ತಿ ಈಚೆಗೆ ಇಳಿಯಿತು. ಹಾಗೆ ಇಳಿದು ಮತ್ತೆ ಹುರಿ ಹಿಡಿದು ಏಳುವ ಕಡೆ, ಗಾಳಿಗೆ ಕಿತ್ತುಹೋಗದಿರಲೆಂದು ಗೆಣ್ಣಿನ ಮೇಲೆ ಒಂದು ಬೊಗಸೆ ಹಸಿಮಣ್ಣು ಮೆತ್ತಿದೆ. ನಮ್ಮವ್ವ ಹಾಗೇ ಮಾಡುತ್ತಿದ್ದಳು. ಕೈಗೆ ಪಡವಲದ ಎಲೆಯ ಆ ಒರಟು ವಾಸನೆ ಹತ್ತಿತು. ಎಷ್ಟು ತೊಳೆದರೂ ಹೋಗದ ವಾಸನೆ ಅದು, ನನಗೆ ಇಷ್ಟ.

ಅತ್ತೆಗೆ ಜ್ವರ ಬಿಟ್ಟ ಹೊತ್ತಿನಲ್ಲಿ ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದೆ. ಅವರಿಗೆ ಉಣ್ಣುವ ಆಸೆಗಿಂತ ನನ್ನನ್ನು ಬಯ್ಯುವ ಆಸೆ ಮೊದಲು ಬಂತು. ಆ ಹುರಿ ಸಡಿಲವಾಗಿದೆ, ಈ ಕುಡಿ ತಿರುಗಿಸು, ಅಷ್ಟು ಬೂದಿ ಯಾಕೆ, ಎಲೆಗೆ ವಿಭೂತಿ ಹಚ್ಚುತ್ತೀಯಾ. ಸಂಜೆಗೆ ಹೂವು ಬಿಡುತ್ತಿದ್ದವು, ದಾರ ದಾರವಾಗಿ ಬಿಚ್ಚಿದ ಬಿಳಿ ಹತ್ತಿಯ ಹಾಗೆ. ಅವನ್ನು ನೋಡಿಕೊಂಡು ಅವರು ಒಂದು ಲೋಟ ಮಜ್ಜಿಗೆಯನ್ನು ತಮಗೇ ಗೊತ್ತಿಲ್ಲದಂತೆ ಮುಗಿಸುವುದಿತ್ತು. ನಾನು ಸುಮ್ಮನೆ ಲೋಟ ತೆಗೆದುಕೊಂಡು ಹೋಗುತ್ತಿದ್ದೆ.

ಮೊದಲ ಹೀಚು ಕಂಡ ದಿನ ಹಾಲಿಗೆ ಬಂದ ಹೆಂಗಸೊಬ್ಬಳು ಬೆರಳು ಚಾಚಿ, ಅಗೋ ಅಲ್ಲೊಂದು, ಇಗೋ ಇಲ್ಲೊಂದು ಎಂದು ತೋರಿಸಿದಳು. ಅತ್ತೆ ಅವಳನ್ನು ತಡೆಯುವಷ್ಟರಲ್ಲಿ ತೋರಿಸಿ ಮುಗಿದಿತ್ತು. ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಕಡೆ ನಂಬಿಕೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಬೆರಳಿಗೋ ಹುಳಕ್ಕೋ, ಆ ಹೀಚುಗಳು ಹಳದಿಯಾಗಿ ಉದುರಿದವು. ಆಮೇಲೆ ಹಿತ್ತಲಿಗೆ ಬಂದವರೆಲ್ಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕೆಂದು ಅತ್ತೆಯ ಅಪ್ಪಣೆಯಾಯಿತು. ಶಾನುಭೋಗರು ಬಂದಾಗಲೂ ಹಾಗೇ ನಿಂತರು.

ಮುಂದಿನ ಹೀಚುಗಳು ನಿಂತವು. ಅಷ್ಟರಲ್ಲಿ ಒಂದು ಬೆಳಗ್ಗೆ ಗೋಡೆಯ ಆಚೆಯಿಂದ ದೊಡ್ಡವ್ವನ ಗೋಳು ಕೇಳಿತು. ಕರು ಹಗ್ಗ ಬಿಚ್ಚಿಕೊಂಡು ಪಡವಲದ ಬುಡಕ್ಕೇ ಬಾಯಿ ಹಾಕಿತ್ತು. ಹೋಗಿ ನೋಡಿದರೆ ಬುಡ ಕಿತ್ತು, ಒಂದು ಮೊಳ ಬಳ್ಳಿ ಅದರ ಹೊಟ್ಟೆ ಸೇರಿತ್ತು. ಗೋಡೆಯ ಮೇಲೆ ಕಡಿದ ತುದಿ ನೇತಾಡುತ್ತಿತ್ತು. ದೊಡ್ಡವ್ವ ಕರುವಿಗೆ ಒಂದು ಹೊಡೆದು, ಆಮೇಲೆ ಅದರ ಕುತ್ತಿಗೆ ತಬ್ಬಿಕೊಂಡು ಅತ್ತಳು.

ಅತ್ತೆಗೆ ವಿಷಯ ಮುಟ್ಟಿಸುವುದೇ ಬೇಕಿರಲಿಲ್ಲ, ಎಲ್ಲ ಕೇಳಿಸಿತ್ತು. "ನಾ ಹೇಳಲಿಲ್ವಾ," ಅಂದರು, ಅಷ್ಟೇ. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗಂಜಿ ಬೇಡವೆಂದರು. ಮಜ್ಜಿಗೆಯೂ ಬೇಡ. ಮಧ್ಯಾಹ್ನ ಮೈ ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲು ತಗ್ಗಿದ ಮೇಲೆ ಗಾಡಿ ಕಟ್ಟಿ ಮತ್ತೆ ಪಂಡಿತರನ್ನು ಕರೆತರುತ್ತೇನೆಂದು ಯಜಮಾನರು ಅಂದರು. ಪಂಡಿತರು ಜಗಲಿಯಲ್ಲಿ ಹೇಳಿದ ಮಾತು ಇಬ್ಬರ ತಲೆಯಲ್ಲೂ ಇತ್ತು.

ನಾನು ಹಿತ್ತಲಿಗೆ ಹೋದೆ. ಬಾಡಿದ ಬಳ್ಳಿಯನ್ನು ಹಸುವಿಗಾದರೂ ಹಾಕೋಣವೆಂದು ಕುಡುಗೋಲು ಕೈಯಲ್ಲಿತ್ತು. ಗೋಡೆಯ ಮೇಲಿನ ಎಲೆಗಳು ಸತ್ತು ಜೋತುಬಿದ್ದಿದ್ದವು. ಚಪ್ಪರದ ಮೇಲಿನವೂ ಬಿಸಿಲಿಗೆ ತಲೆ ತಗ್ಗಿಸಿದ್ದವು, ಆದರೆ ಮುಟ್ಟಿದರೆ ತಣ್ಣಗಿದ್ದವು. ಕಾಯಿಗಳು ಬಿಗಿಯಾಗಿಯೇ ಇದ್ದವು. ಹೊತ್ತು ಇಳಿಯುತ್ತ ಒಂದೊಂದೇ ಎಲೆ ಎದ್ದು ನಿಂತಿತು. ನನಗೆ ಅರ್ಥವಾಗಲಿಲ್ಲ. ಗೆಣ್ಣಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆದಕಿ ನೋಡಿದೆ. ಒಳಗೆ ಬಿಳಿ ಬೇರು, ಮಗುವಿನ ಕೂದಲಿನಷ್ಟು ದಟ್ಟವಾಗಿ, ನಮ್ಮ ನೆಲಕ್ಕೆ ಇಳಿದುಹೋಗಿತ್ತು. ತವರಿನಲ್ಲಿ ಎಷ್ಟು ಸಲ ಮಣ್ಣು ಮೆತ್ತಿದ್ದೆನೋ, ಒಳಗೆ ಹೀಗಾಗುತ್ತದೆಂದು ಕೆದಕಿ ನೋಡಿದವಳಲ್ಲ.

ಖುಷಿಯ ಬೆನ್ನಿಗೇ ಇನ್ನೊಂದು ಹೊಳೆಯಿತು. ಈಗ ಈ ಬಳ್ಳಿ ದೊಡ್ಡವ್ವನದಲ್ಲ. ಬೇರು ನಮ್ಮ ಮಣ್ಣಿನಲ್ಲಿದೆ. ಆಗಿಬರದ್ದು ಮನೆಯೊಳಗೇ ಬಂದು ಕೂತಿದೆ. ಅತ್ತೆ ಕಿತ್ತುಹಾಕು ಎಂದರೆ ಕೀಳಬೇಕು. ಕಿತ್ತರೆ ಅವರಿಗೇನು ಉಣ್ಣಿಸಲಿ?

ಅವರನ್ನು ಎಬ್ಬಿಸಿ, ತೋಳು ಹಿಡಿದು, ಹಿತ್ತಲಿಗೆ ನಡೆಸಿಕೊಂಡು ಬಂದೆ. ದೊಡ್ಡವ್ವ ಗೋಡೆಯ ಮೇಲೆ ಗದ್ದ ಊರಿ ನಿಂತಳು. ಯಜಮಾನರು ಕಟ್ಟುತ್ತಿದ್ದ ಗಾಡಿ ಬಿಟ್ಟು ಬಂದರು. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು.

"ಯಾರು ಊರಿದ್ದು ಇದನ್ನ?"

"ಯಾರೂ ಊರಿಲ್ಲ ಅತ್ತೆಮ್ಮ. ತಾನಾಗೇ ಬೇರು ಬಿಟ್ಟೈತೆ."

"ಆಕಡೆ ಬೇರು?"

"ನನ್ ಕರ ತಿಂದು ತೇಗ್ತಾ ಐತೆ ಕಣಕ್ಕ," ಎಂದಳು ದೊಡ್ಡವ್ವ.

ಅತ್ತೆ ಜಗಲಿಯ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟು ವರ್ಷ ಹೊತ್ತ ಮಾತನ್ನು ಕೆಳಗಿಡಲು ಅವರು ಜಾಗ ಹುಡುಕುತ್ತಿರುವಂತೆ ನನಗೆ ಕಂಡಿತು.

"ಕರೀದೇ ಬಂದು ಕೂತಿರೋ ನೆಂಟರನ್ನ ಎಬ್ಬಿಸಿ ಕಳ್ಸಕಾಯ್ತದಾ," ಅಂದರು. "ನೀರು ಹುಯ್ಯಿ ಹೋಗು."

ಹುಯ್ದೆ. ಕೊಡದ ತುಂಬ ಹುಯ್ದೆ. ಅದು ಸಾಲದೆಂದು ದೊಡ್ಡವ್ವ ಆಚೆಯಿಂದ ಇನ್ನೊಂದು ಬಿಂದಿಗೆ ಎತ್ತಿಕೊಟ್ಟಳು. ಆ ಸಂಜೆ ಅತ್ತೆ ತಾವಾಗಿ ಗಂಜಿ ಕೇಳಿ ಕುಡಿದರು. ಪಂಡಿತರನ್ನು ಕರೆಯಲು ಯಾರೂ ಹೋಗಲಿಲ್ಲ.

ಆಮೇಲೆ ಆ ಬಳ್ಳಿಗೆ ಬಂದ ಸೊಕ್ಕನ್ನು ನಾನು ನದಿ ದಂಡೆಯಲ್ಲೂ ಕಂಡಿರಲಿಲ್ಲ. ಹುರಿಯೆಲ್ಲ ತುಂಬಿ, ಕೊಟ್ಟಿಗೆಯ ಸೂರು ಹತ್ತಿ, ನುಗ್ಗೆ ಮರದ ಕೊಂಬೆಗೂ ಹೋಯಿತು. ಸುತ್ತಿಕೊಳ್ಳುವ ಕಾಯಿಗಳ ತುದಿಗೆ ಬಾಳೆನಾರಿನಲ್ಲಿ ಕಲ್ಲು ಕಟ್ಟಿದೆವು. ಭಾರ ಹೆಚ್ಚಾದರೆ ಕಾಯಿ ಮುರಿಯುತ್ತದೆ, ಕಡಿಮೆಯಾದರೆ ನೆಟ್ಟಗಾಗುವುದಿಲ್ಲ. ಕಲ್ಲನ್ನು ಅತ್ತೆಯೇ ಅಂಗೈಯಲ್ಲಿ ತೂಗಿ ನೋಡಿ ಕೊಡುತ್ತಿದ್ದರು. ನಾನು ಆರಿಸಿದ್ದನ್ನು ಒಂದನ್ನೂ ಒಪ್ಪಲಿಲ್ಲ. ಅವರ ಅವ್ವನ ಮನೆಯಲ್ಲೂ ಪಡವಲ ಇತ್ತಂತೆ, ಮದುವೆಗೆ ಮುಂಚೆ ಕಲ್ಲು ಆರಿಸುವ ಕೆಲಸ ಅವರದೇ ಆಗಿತ್ತಂತೆ. ಅದನ್ನು ಹೇಳಲು ಅವರಿಗೆ ಅಷ್ಟು ವರ್ಷ ಬೇಕಾಯಿತು. ದನ ಹೊಡೆದುಕೊಂಡು ಹಿತ್ತಲ ದಾರಿಯಲ್ಲಿ ಹೋಗುವವರು ನಿಂತು, ಕೈ ಹಿಂದೆ ಕಟ್ಟಿಕೊಂಡು, ಸಾಲಾಗಿ ಇಳಿಬಿದ್ದ ಕಾಯಿಗಳನ್ನು ನೋಡಿ ಹೋಗುತ್ತಿದ್ದರು.

ಕೊಯ್ಯುವ ದಿನ ಅತ್ತೆ ತಲೆಗೆ ನೀರು ಹಾಕಿಸಿಕೊಂಡು, ಒದ್ದೆ ಕೂದಲು ಹರಡಿಕೊಂಡು, ಚಪ್ಪರದ ಕೆಳಗೆ ಬಂದು ನಿಂತರು. ಮೊದಲ ಕಾಯಿಯ ತೊಟ್ಟನ್ನು ಅವರೇ ಕುಯ್ದರು. ಕಾಯಿ ನನ್ನ ಎತ್ತರಕ್ಕಿತ್ತು. ಯಜಮಾನರು ಅದನ್ನು ಟವೆಲಿನಂತೆ ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಬಂದರು, ಹಿಂದಿನ ತುದಿ ಬಾಗಿಲಿಗೆ ತಗಲಿ ಎಲ್ಲಿ ಮುರಿಯುತ್ತದೋ ಎಂದು ಅತ್ತೆ ಆ ತುದಿ ಹಿಡಿದುಕೊಂಡೇ ಹಿಂದೆ ಬಂದರು. ದೇವರ ಮುಂದಿಟ್ಟು ಕೈ ಮುಗಿದೆವು. ಈಳಿಗೆಮಣೆಯ ಮುಂದೆ ಕೂರಲು ಹೋದ ನನ್ನನ್ನು ಎಬ್ಬಿಸಿ ಅವರೇ ಕೂತು ಹೆಚ್ಚಿದರು. ಹೋಳು ದಪ್ಪ ದಪ್ಪ ಬಿದ್ದವು. ನಾನು ಅವನ್ನು ಹಾಗೇ ಪಾತ್ರೆಗೆ ಹಾಕಿದೆ.

ಊಟಕ್ಕೆ ಅತ್ತೆಗೆ ಹಳೆ ಅಕ್ಕಿಯ ಮೆತ್ತನೆ ಅನ್ನ, ಹೆಸರುಬೇಳೆ ಹಾಕಿ ಬೇಯಿಸಿ ಜೀರಿಗೆ ಮೆಣಸು ತುಪ್ಪದ ಒಗ್ಗರಣೆ ಕೊಟ್ಟ ಪಡವಲಕಾಯಿ. ನಮಗೆ ಮುದ್ದೆ, ಅದೇ ಪಡವಲಕ್ಕೆ ತೆಂಗಿನಕಾಯಿ, ಹುಣಸೆ ಹಾಕಿದ ಹುಳಿ. ದೊಡ್ಡವ್ವ ಬಟ್ಟಲು ಹಿಡಿದು ಬಂದು ತಿರುಳಿನ ಚಟ್ನಿಯನ್ನು ತನಗೆ ಬೇಕಾದ ಖಾರಕ್ಕೆ ತಾನೇ ರುಬ್ಬಿಕೊಂಡು, ನಮ್ಮ ಜೊತೆಗೇ ಉಂಡಳು. ಅತ್ತೆ ಒಂದು ಸಲ ಹಾಕಿಸಿಕೊಂಡು ಮತ್ತೆ ತಟ್ಟೆ ಮುಂದೆ ಮಾಡಿದರು. ಎರಡನೆಯ ಸಲ ಬಡಿಸುವಾಗ ನಾನು ತಲೆ ತಗ್ಗಿಸಿಕೊಂಡಿದ್ದೆ, ಯಜಮಾನರು ಸೂರು ನೋಡುತ್ತಿದ್ದರು. "ಬರೋ ವರ್ಷ ಗೂಟ ಹುಗಿದು ಸರಿಯಾಗಿ ಚಪ್ಪರ ಹಾಕ್ರೋ, ಹುರಿ ಮೇಲೆ ಎಷ್ಟಂತ ತಡೀತದೆ," ಎಂದು ಅತ್ತೆ ಕೈ ತೊಳೆದರು. ದೀಪ ಹಚ್ಚುವ ಹೊತ್ತಿಗೆ ಮೊದಲು ನಿದ್ದೆ ಹೋದವರೂ ಅವರೇ, ಜಗಲಿಯ ಮೇಲೆ, ಬಿಸಿಲಿನ ಬಿಸಿ ಇನ್ನೂ ಇದ್ದ ಕಂಬಳಿ ಹೊದ್ದು. ನಾವು ಮೂವರು ಗೊರಕೆ ಕೇಳುತ್ತ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು.